ಎದುರು ದಡದ ಹಲಗೆ

ಯಾರೋ ಕೆಮ್ಮಿದರು. ಒಂದೇ ಸಲ, ಗಂಟಲು ಸರಿಮಾಡಿಕೊಳ್ಳುವಷ್ಟು. ಅವಳು ಕತ್ತಲಲ್ಲಿ ಕಣ್ಣು ತೆರೆದು ಪಕ್ಕದ ಹಾಸಿಗೆಯತ್ತ ತಿರುಗಿದಳು. ಅಕ್ಕ ಗೋಡೆಗೆ ಮುಖಮಾಡಿ ನಿದ್ದೆಹೋಗಿದ್ದಳು. ಇನ್ನೊಮ್ಮೆ ಕೇಳಿದಾಗ ಗೊತ್ತಾಯಿತು, ಕೆಮ್ಮು ನದಿಯ ಆಚೆಯಿಂದ ಬರುತ್ತಿದೆ. ಹತ್ತೊಂಬತ್ತು ವರ್ಷ ಈ ಎರಡು ಕೋಣೆಯ ಮನೆಯಲ್ಲಿ ಮಲಗಿದ್ದರೂ ಆಚೆ ದಡದ ಮನುಷ್ಯರ ಸದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಗಸ್ತಿನ ದೋಣಿಗಳ ಎಂಜಿನ್ನು ರಾತ್ರಿಯಿಡೀ ಎಲ್ಲವನ್ನೂ ನುಂಗುತ್ತಿತ್ತು. ಗಡಿ ಹೋಯಿತು, ಎರಡು ದೇಶ ಮತ್ತೆ ಒಂದಾಯಿತು ಎಂದು ರೇಡಿಯೊದಲ್ಲಿ ಹೇಳಿದ ಮೂರನೆಯ ವಾರಕ್ಕೆ ಆ ದೋಣಿಗಳನ್ನು ಎಲ್ಲಿಗೋ ಎಳೆದುಕೊಂಡು ಹೋದರು. ಆಮೇಲೆ ನೋಡಿದರೆ ನದಿ ಇಷ್ಟೇ, ಒಬ್ಬ ಮನುಷ್ಯನ ಕೆಮ್ಮು ದಾಟಿಬರುವಷ್ಟು. ಅವನೇ ಇರಬೇಕು ಎಂದುಕೊಂಡಳು, ಆಚೆಯ ಅಳತೆಮನೆಯಲ್ಲಿ ತನ್ನ ಹಾಗೇ ನದಿಯ ನೀರು ಅಳೆಯುವವನು. ಅವನಿಗೂ ನಿದ್ದೆ ಬಂದಿಲ್ಲ. ನಾಳೆ ಹತ್ತು ಗಂಟೆಗೆ ಇಬ್ಬರೂ ತಮ್ಮ ತಮ್ಮ ರಿಜಿಸ್ಟರುಗಳನ್ನು ಹೊಸ ಇಲಾಖೆಯ ಎಂಜಿನಿಯರ ಮುಂದೆ ಇಡಬೇಕು. ಒಂದು ನದಿಗೆ ಎರಡು ಅಳತೆಮನೆ ಬೇಡ, ತಾಳೆ ನೋಡಿ ಒಂದನ್ನು ಉಳಿಸುತ್ತೇವೆ ಎಂದು ಪತ್ರ ಬಂದಿತ್ತು. ಪತ್ರದ ಕೊನೆಯಲ್ಲಿ, ದಾಖಲೆ ಕಲ್ಪಿತವೆಂದು ಕಂಡುಬಂದರೆ ಕೆಲಸವೂ ಇಲ್ಲ, ನಿವೃತ್ತಿವೇತನವೂ ಇಲ್ಲ ಎಂಬ ಒಂದು ಸಾಲು. ಎಲ್ಲರಿಗೂ ಅಚ್ಚುಹಾಕಿಸಿದ ಸಾಲು ಅದು. ಅವಳು ಮಾತ್ರ ಅದನ್ನು ತನ್ನ ಹೆಸರಿಗೆ ಕೈಯಲ್ಲಿ ಬರೆದ ಹಾಗೆ ಓದಿಕೊಂಡಿದ್ದಳು.

ಕೆಲಸವೇನೂ ದೊಡ್ಡದಲ್ಲ. ಬೆಳಿಗ್ಗೆ ಆರಕ್ಕೆ ನದಿಯಲ್ಲಿ ನಿಲ್ಲಿಸಿದ ಅಳತೆಕಂಬ ನೋಡಿ ನೀರು ಎಷ್ಟು ಸೆಂಟಿಮೀಟರು ಇದೆಯೆಂದು ರಿಜಿಸ್ಟರಿನಲ್ಲಿ ಬರೆಯುವುದು; ಆಮೇಲೆ ದೋಣಿಯವರಿಗೆ ಕಾಣುವಂತೆ ಹೊರಗಿನ ಕಪ್ಪು ಹಲಗೆಯ ಮೇಲೆ ಅದೇ ಅಂಕಿಯನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುವುದು. ದೇಶ ಒಡೆಯುವುದಕ್ಕೆ ಮೊದಲು ಒಂದೇ ಇಲಾಖೆ ಒಂದೇ ನಕ್ಷೆ ಇಟ್ಟುಕೊಂಡು ಎರಡೂ ದಡದಲ್ಲಿ ಅವಳಿಜವಳಿಯಂತೆ ಕಟ್ಟಿದ ಮನೆಗಳಿವು. ಆಚೆಯೂ ಅಂಥದೇ ಕಂಬ, ಅಂಥದೇ ಹಲಗೆ. ಆಚೆಯ ಕಂಬ ಮಾತ್ರ ಸ್ವಲ್ಪ ಎತ್ತರದಲ್ಲಿ ಕೂತದ್ದರಿಂದ ಅಲ್ಲಿನ ಅಂಕಿ ಇಲ್ಲಿಯದಕ್ಕಿಂತ ಯಾವಾಗಲೂ ನಲವತ್ತೆರಡು ಕಡಿಮೆ. ಅವಳು ಸೇರಿದ ನಾಲ್ಕನೆಯ ವರ್ಷ ಸೈನ್ಯದವರು ಬಂದು ಅಳತೆಮನೆಗೂ ನೀರಿಗೂ ನಡುವೆ ಮುಳ್ಳುತಂತಿ ಎಳೆದರು. ನೀರು ನೂರೈವತ್ತರ ಮೇಲಿದ್ದಾಗ ತಂತಿಯ ಈಚೆ ನಿಂತರೂ ಕಂಬ ಕಾಣುತ್ತಿತ್ತು. ಅದಕ್ಕಿಂತ ಇಳಿದರೆ ದಡದ ದಿಣ್ಣೆ ಅಡ್ಡ. ಇದನ್ನು ಹೇಳಿಕೊಳ್ಳಲು ಹೋದಾಗ ಆಗಿನ ಅಧಿಕಾರಿ ತಲೆಯೆತ್ತದೆ, ನೀರು ಕಾಣೋದಿಲ್ಲ ಅಂದ್ರೆ ಕೆಲಸ ಇಲ್ಲ ಅಂತ ಬರೆದುಬಿಡಲಾ ಎಂದು ಕೇಳಿದ. ಮೇಜಿನ ಮೇಲೆ ಅವನ ಪೆನ್ನು ಆಗಲೇ ಮುಚ್ಚಳ ತೆಗೆದುಕೊಂಡು ಕಾಯುತ್ತಿತ್ತು. ಮನೆಯಲ್ಲಿ ಕಾಯಿಲೆಯ ಅಪ್ಪ, ಗಂಡನ ಮನೆಯಿಂದ ಹಿಂದಿರುಗಿದ್ದ ಅಕ್ಕ. ಇಲ್ಲ ಸಾರ್, ಕಾಣುತ್ತೆ ಸಾರ್, ಸುಮ್ಮನೆ ಹೇಳಿದೆ ಎಂದು ಎದ್ದು ಬಂದಿದ್ದಳು. ಆ 'ಸುಮ್ಮನೆ ಹೇಳಿದೆ' ಎಂಬುದನ್ನು ನೆನೆದರೆ ಈಗಲೂ ಕಿವಿಯ ತುದಿ ಬಿಸಿಯಾಗುತ್ತದೆ. ಮರುದಿನವೇ, ತೇಲಿಬರುವ ಮರದ ದಿಮ್ಮಿಗಳ ಮೇಲೆ ಕಣ್ಣಿಡಲೆಂದು ಇಲಾಖೆ ಕೊಟ್ಟಿದ್ದ ದುರ್ಬೀನನ್ನು ಎತ್ತಿ ಆಚೆಯ ಹಲಗೆಯನ್ನು ಓದಿದಳು. ಅದಕ್ಕೆ ನಲವತ್ತೆರಡು ಕೂಡಿಸಿದಳು. ಬರೆದಳು.

ಅಂದಿನಿಂದ ವರ್ಷದ ಐದು ತಿಂಗಳು, ನೀರಿಳಿದ ಐದೂ ತಿಂಗಳು, ಹಾಗೆಯೇ. ಆಚೆಯವನು ಹಲಗೆ ಒರೆಸಿ ಬರೆಯುವವರೆಗೆ ಕಾಯುವುದು. ಮೊದಲ ವರ್ಷ ಕಳೆದ ಮೇಲೆ ಅವನು ತಡಮಾಡುವುದೇ ಹೆಚ್ಚಾಯಿತು. ಆಗ ನಿನ್ನೆಯದರಲ್ಲಿ ಒಂದು ಕಳೆದು ಬರೆದುಬಿಡುವಳು, ಅವನು ಬರೆದ ಮೇಲೆ ತಿದ್ದಿದರಾಯಿತು ಎಂದು. ತಿದ್ದುವ ಪ್ರಸಂಗವೇ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಚೆಯ ಹಲಗೆಯಲ್ಲೂ, ನಲವತ್ತೆರಡು ಕೂಡಿಸಿದರೆ, ಸರಿಯಾಗಿ ಅಷ್ಟೇ. ವರ್ಷ ಕಳೆದಂತೆ ಅವಳಿಗೆ ಒಂದು ಗುಟ್ಟಿನ ಹೆಮ್ಮೆ ಹುಟ್ಟಿತ್ತು: ನೋಡದೆಯೇ ನದಿ ತನಗೆ ತಿಳಿಯುತ್ತದೆ.

ಬೆಳಿಗ್ಗೆ ಅಕ್ಕ ರಿಜಿಸ್ಟರುಗಳನ್ನು ಎರಡು ಸಂತೆಚೀಲಕ್ಕೆ ತುಂಬಿಕೊಟ್ಟಳು. ರಾತ್ರಿ ಕೆಮ್ಮು ಕೇಳಿ ಎದ್ದೆ ಎಂದದ್ದಕ್ಕೆ, ಅಲ್ಲ ಕಣೆ, ಆಚೆಯವನಿಗೆ ಶೀತ ಆದರೆ ನಿನಗೆ ನಿದ್ದೆ ಬರಲ್ಲ, ನನಗೆ ಜ್ವರ ಬಂದಾಗ ಗೊರಕೆ ಹೊಡೀತಿದ್ದೆ ಎಂದು ಛೇಡಿಸಿದಳು. ಅವಳಿಗೆ ನಗು ಬರಲಿಲ್ಲ. ಹುಟ್ಟಿದಾರಭ್ಯ ಅಕ್ಕನಿಗೆ ಹೇಳದೆ ಉಳಿಸಿಕೊಂಡದ್ದು ಈ ಹಲಗೆಯ ಗುಟ್ಟೊಂದೇ, ಅದೂ ಭಯಕ್ಕೆ: ಅಕ್ಕನ ಬಾಯಿ ಒಳ್ಳೆಯದು, ಆದರೆ ಅದಕ್ಕೆ ಅಗುಳಿಯಿಲ್ಲ. ದೋಣಿಕಟ್ಟೆ ಮೇಲುಗಡೆ ಅರ್ಧ ಗಂಟೆಯ ದಾರಿ. ದೋಣಿ ತುಂಬ ಜನ. ಮೂವತ್ತು ವರ್ಷ ಕಾಣದ ತಂಗಿಯನ್ನು ನೋಡಲು ಹೊರಟ ಒಬ್ಬಾಕೆ ಕನ್ನಡಿ ತೆಗೆದು ನೋಡಿಕೊಂಡು ಮತ್ತೆ ಒಳಗಿಡುತ್ತಿದ್ದಳು, ತಂಗಿ ಗುರುತು ಹಿಡಿಯದೆ ಹೋದರೆ ಎಂದು. ದೋಣಿಯವನು ಇವಳ ಚೀಲ ನೋಡಿ ಏನಮ್ಮಾ ಇಷ್ಟು ಭಾರ ಎಂದ. ನದಿ ಎಂದಳು. ಮಾತು ತಾನಾಗಿ ಬಂತು. ಹಂಗಾದ್ರೆ ಎರಡು ಟಿಕೆಟ್ಟು ಎಂದು ಅವನು ನಕ್ಕ. ನಡುನೀರಿನಲ್ಲಿ ಅವಳು ದೋಣಿಯ ಅಂಚಿನಿಂದ ಕೈ ಇಳಿಬಿಟ್ಟಳು. ತಂತಿ ಬಂದ ಹದಿನೈದು ವರ್ಷದಲ್ಲಿ, ದಿನಾ ಬರೆದ ನೀರನ್ನು ಮುಟ್ಟುತ್ತಿರುವುದು ಇದೇ ಮೊದಲು. ತಣ್ಣಗಿತ್ತು, ಅಷ್ಟೇ, ಬೇರೆ ಯಾವ ನೀರಿನ ಹಾಗೂ.

ಆಚೆಯ ಅಳತೆಮನೆಯ ಬಾಗಿಲಲ್ಲಿ ಒಬ್ಬ ಮುದುಕ ಕಾಯುತ್ತಿದ್ದರು. ಕೋಟು, ದಪ್ಪ ಗಾಜಿನ ಕನ್ನಡಕ, ಹೊಸದಾಗಿ ಕ್ಷೌರ ಮಾಡಿಕೊಂಡು ಗಲ್ಲದ ಮೇಲೆ ಒಂದು ಗೀರು. ಇಷ್ಟು ವರ್ಷ ಮನಸ್ಸಿನಲ್ಲಿ ಏಕವಚನದಲ್ಲಿದ್ದವನು ಎದುರು ಬಂದ ಕೂಡಲೇ ಬಹುವಚನವಾದರು. ಬನ್ನಿ ತಾಯಿ ಎಂದು ಚೀಲಕ್ಕೆ ಕೈ ಚಾಚಿದರು. ಅವಳು ಕೊಡಲಿಲ್ಲ, ಆಮೇಲೆ ಕೊಡದಿದ್ದುದಕ್ಕೆ ನಾಚಿದಳು. ಒಳಗೆ ಕಾಲಿಟ್ಟಾಗ ತಲೆ ತಿರುಗಿದಂತಾಯಿತು: ಅವಳದೇ ಕೋಣೆ, ಎಡಬಲ ಅದಲುಬದಲಾಗಿತ್ತು. ಕಿಟಕಿಯ ಬಳಿ ಬೆತ್ತದ ಕುರ್ಚಿ, ಅದರ ಕೈಗಳು ಸವೆದು ಹೊಳೆಯುತ್ತಿದ್ದವು. ಕುರ್ಚಿಯ ಮುಂದೆ ಮರದ ಗೂಟಕ್ಕೆ ಒಂದು ದುರ್ಬೀನನ್ನು ತಂತಿ ಸುತ್ತಿ ಭದ್ರವಾಗಿ ಕಟ್ಟಿತ್ತು, ಅತ್ತಿತ್ತ ಅಲ್ಲಾಡದ ಹಾಗೆ. ಎಂಜಿನಿಯರು ಇನ್ನೂ ಬಂದಿರಲಿಲ್ಲ, ಮುದುಕರು ಚಹಾಕ್ಕೆ ನೀರಿಡಲು ಒಳಗೆ ಹೋಗಿದ್ದರು. ಅವಳು ಬಾಗಿ ಕಣ್ಣಿಟ್ಟಳು. ದುಂಡನೆಯ ಬೆಳಕಿನ ನಟ್ಟನಡುವೆ ಅವಳ ಹಲಗೆಯಿತ್ತು. ಬೆಳಿಗ್ಗೆ ತಾನು ಬರೆದ ನೂರ ಆರು, ಆರರ ಬಾಲ ತುಸು ಉದ್ದ. ನೀರಲ್ಲ, ಕಂಬವಲ್ಲ, ಹಲಗೆ ಮಾತ್ರ. ಅವಳು ತಟ್ಟನೆ ಹಿಂದೆ ಸರಿದಳು, ಯಾರದೋ ಮನೆಯ ಕಿಟಕಿಯೊಳಗೆ ಇಣುಕಿ ಅಲ್ಲಿ ತನ್ನದೇ ಭಾವಚಿತ್ರ ತೂಗುಹಾಕಿರುವುದನ್ನು ಕಂಡವಳಂತೆ. ಇದು ಏನೆಂದು ಅರ್ಥವಾಗುವ ಮೊದಲೇ ಅರ್ಥವಾಗಬಾರದೆಂದು ಮನಸ್ಸು ಬಾಗಿಲು ಹಾಕಿಕೊಂಡಿತು.

ಎಂಜಿನಿಯರು ಮೂವತ್ತರ ಆಸುಪಾಸಿನವನು, ಒಳ್ಳೆಯ ಮಾತಿನವನು, ದೇಶ ಒಡೆದ ಮೇಲೆ ಹುಟ್ಟಿದವನು. ಎರಡು ಕಡೆಯ ರಿಜಿಸ್ಟರುಗಳನ್ನೂ ಉದ್ದನೆಯ ಮೇಜಿನ ಮೇಲೆ ಹರಡಿ, ತಿಂಗಳಿಗೊಂದು ಪುಟದಂತೆ ಆರಿಸಿ, ಅಂಕಿಗಳನ್ನು ಲ್ಯಾಪ್‌ಟಾಪಿಗೆ ಹಾಕುತ್ತ ಹೋದ. ಪರದೆಯ ಮೇಲೆ ಕೆಂಪು ಗೆರೆಯೊಂದು, ನೀಲಿ ಗೆರೆಯೊಂದು ಎದ್ದವು. ಒಂದಕ್ಕೆ ನಲವತ್ತೆರಡು ಕೂಡಿಸಿದ ಕೂಡಲೇ ಎರಡೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಯಿತು. ಅವನು ಕುರ್ಚಿಗೆ ಒರಗಿ ಶಿಳ್ಳೆ ಹಾಕಿದ. ಬೇರೆ ಕಡೆಯೆಲ್ಲ ನೋಡಿಬಂದಿದ್ದೇನೆ, ಎರಡು ದೇಶದ ರೈಲ್ವೆ ಗಡಿಯಾರವೇ ಕೂಡಿಬರುವುದಿಲ್ಲ, ನಿಮ್ಮದು ಕೂದಲೆಳೆಯಷ್ಟೂ ಆಚೀಚೆ ಇಲ್ಲ, ಇದನ್ನು ಮಂತ್ರಿಗಳಿಗೆ ತೋರಿಸಬೇಕು ಎಂದ. ಆಮೇಲೆ ನಗುತ್ತ, "ಪರೀಕ್ಷೆಯಲ್ಲಿ ಪಕ್ಕದವರದ್ದು ನೋಡಿ ಬರೆದ ಹಾಗಿದೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು. ಎದುರಿಗೆ ಮುದುಕರ ಕೈ ಕೋಟಿನ ಕಾಲರಿಗೆ ಹೋದದ್ದನ್ನೂ ಅವಳು ಕಂಡಳು. ನಲವತ್ತೈದು ವರ್ಷದ ಬದುಕಿನಲ್ಲಿ ಅವಳು ಚೆನ್ನಾಗಿ ಕಲಿತದ್ದು ಇನ್ನೊಬ್ಬರ ಕೈಗಳನ್ನು ನೋಡುವುದು. ಜನಕ್ಕೆ ತೊಂದರೆಯೇನೂ ಇಲ್ಲ, ಪ್ರವಾಹದ ಅಂಕಿಗಳೆಲ್ಲ ಕಣ್ಣಿನಿಂದಲೇ ನೋಡಿದ್ದು, ಮುಂದೆ ಇಲ್ಲಿ ಸೇತುವೆ ಕಟ್ಟುವುದಾದರೆ ಬೇಕಾದುದೂ ಅವೇ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಆಗಿತ್ತು. ಆದರೂ ಸೆರಗಿನಿಂದ ಕೈ ತೆಗೆಯಲಿಲ್ಲ.

ಎಂಜಿನಿಯರ ಬೆರಳು ಪರದೆಯ ಒಂದು ಕಡೆ ನಿಂತಿತು. ಏಳು ವರ್ಷದ ಹಿಂದೆ, ನೀರಿಳಿದ ತಿಂಗಳು. ದಿನಕ್ಕೊಂದರಂತೆ ಸಣ್ಣಗೆ ಇಳಿಯುತ್ತಿದ್ದ ಗೆರೆ ಅಲ್ಲೊಂದು ದಿನ ಮುಳ್ಳಿನಂತೆ ನೆಟ್ಟಗೆ ಎದ್ದು ಮರುದಿನ ಮತ್ತೆ ಬಿದ್ದಿತ್ತು. ನೂರ ಹದಿನೆಂಟು, ನೂರ ಮೂವತ್ತೊಂದು, ನೂರ ಹದಿನೇಳು. ಮುದುಕರ ರಿಜಿಸ್ಟರಿನಲ್ಲೂ ಅದೇ ಮುಳ್ಳು. ಮಳೆಯಿಲ್ಲ, ಮೇಲುಗಡೆ ಅಣೆಕಟ್ಟಿಲ್ಲ, ಹದಿಮೂರು ಏರಿದ್ದು ಹೇಗೆ, ಇದೊಂದಕ್ಕೆ ವಿವರಣೆ ಬರೆಯದೆ ನಾನು ಸಹಿ ಹಾಕಲಾರೆ, ಇಬ್ಬರೂ ಯೋಚನೆ ಮಾಡಿ ಎಂದ. ಆಗ ಅವನಿಗೆ ಫೋನು ಬಂತು. ಅವನು ಹೊರಗೆ ಹೋಗಿ ದಡದ ಉದ್ದಕ್ಕೂ ನಡೆಯುತ್ತ ಮಾತಾಡತೊಡಗಿದ.

ಯೋಚನೆ ಮಾಡುವುದೇನಿದೆ. ಅದು ಅಪ್ಪ ಹೋದ ದಿನ. ನಸುಕಿನ ನಾಲ್ಕಕ್ಕೆ ಹೋದರು. ಅಕ್ಕ ಆಸ್ಪತ್ರೆಯಲ್ಲಿ ಕಾಗದಗಳಿಗೆ ಸಹಿ ಹಾಕಲು ಉಳಿದಳು, ಇವಳು ಆರು ಗಂಟೆಗೆ ಹಲಗೆಯ ಮುಂದೆ ನಿಂತಿದ್ದಳು, ರಿಜಿಸ್ಟರಿನಲ್ಲಿ ಒಂದು ದಿನವೂ ಖಾಲಿ ಇರಕೂಡದು ಎಂಬುದಕ್ಕೆ. ನದಿಯ ಮೇಲೆ ಹತ್ತಿಯಂಥ ಮಂಜು. ಆಚೆಯದೇನೂ ಕಾಣದು. ಸೀಮೆಸುಣ್ಣ ಹಿಡಿದ ಕೈ ಒಂದು ಅಂಕಿ ಬರೆಯಿತು, ನೂರ ಮೂವತ್ತೊಂದು ಎಂದು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಹತ್ತು ಗಂಟೆಗೆ ಮಂಜು ಹರಿದು ಸ್ವಲ್ಪ ಹೊತ್ತಾದ ಮೇಲೆ ದುರ್ಬೀನು ಎತ್ತಿದರೆ ಆಚೆಯ ಹಲಗೆಯಲ್ಲಿ ಎಂಬತ್ತೊಂಬತ್ತು. ಕೂಡಿಸಿದಳು. ಮತ್ತೆ ಕೂಡಿಸಿದಳು. ನದಿ ನಿಜಕ್ಕೂ ಏರಿತ್ತು. ಬೇಸಿಗೆಯ ನಡುವೆ, ಒಂದು ಹನಿ ಮಳೆಯಿಲ್ಲದೆ, ಅಪ್ಪ ಹೋದ ದಿನ ಹದಿಮೂರು ಸೆಂಟಿಮೀಟರು ಏರಿ ಅವಳ ಕುರುಡು ಅಂಕಿಯನ್ನು ನಿಜಮಾಡಿತ್ತು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ಏರಿದ್ದು ಆ ಒಂದು ದಿನಕ್ಕೇ ಎಂದುಕೊಂಡು ಮರುದಿನ ಹಳೆಯ ಲೆಕ್ಕದಂತೆ ನೂರ ಹದಿನೇಳು ಬರೆದಳು, ಆಚೆಯ ಹಲಗೆಯೂ ಅದಕ್ಕೆ ಕೂಡಿಬಂತು. ಸಂಜೆ ಅಕ್ಕನಿಗೆ ಹೇಳಿದಳು, ಅಂಕಿಯ ವಿಷಯ ಬಿಟ್ಟು ಏರಿದ್ದನ್ನು ಮಾತ್ರ. ಅಕ್ಕ ಅದನ್ನು ಎದೆಗೆ ಹಚ್ಚಿಕೊಂಡಳು. ಮನೆಗೆ ಬಂದವರಿಗೆಲ್ಲ, ನಮ್ಮಪ್ಪ ಹೋದ ದಿನ ನದಿ ಏರಿತ್ತು ಗೊತ್ತಾ, ಸರ್ಕಾರಿ ಪುಸ್ತಕದಲ್ಲೇ ಬರೆದಿದೆ ಎನ್ನುವಳು. ಬದುಕಿದ್ದಾಗ ಯಾರೂ ಎದ್ದು ನಿಲ್ಲದ ಮನುಷ್ಯನಿಗೆ ಒಂದು ನದಿ ಎದ್ದು ನಿಂತಿತಲ್ಲ ಎಂಬುದು ಆ ಇಬ್ಬರಿಗೂ ಅಪ್ಪ ಬಿಟ್ಟುಹೋದ ಆಸ್ತಿಯಾಗಿತ್ತು.

"ಒಂದು ಮಾತು ಕೇಳ್ತೀನಿ ತಾಯಿ, ತಪ್ಪು ತಿಳ್ಕೋಬೇಡಿ" ಎಂದರು ಮುದುಕರು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಅವತ್ತು ನಿಜವಾಗ್ಲೂ ಏರಿತ್ತಾ?"

ಉತ್ತರಕ್ಕೆ ಕಾಯದೆ ಅವರು ತಗ್ಗಿದ ದನಿಯಲ್ಲಿ ಹೇಳುತ್ತ ಹೋದರು. ಹದಿನಾಲ್ಕು ವರ್ಷದ ಹಿಂದೆ ಗಸ್ತಿನ ದೋಣಿಯೊಂದು ಬಡಿದು ಅವರ ಕಂಬದ ಕೆಳಭಾಗ ಬಾಗಿಹೋಯಿತು. ಮೇಲಿನವರಿಗೆ ಬರೆದರು. ಮೂರು ವರ್ಷಕ್ಕೆ ಉತ್ತರ ಬಂತು, ಕಂಬ ಬಾಗಿದ್ದಕ್ಕೆ ನಿಮ್ಮಿಂದ ಸಮಜಾಯಿಷಿ ಬೇಕು ಎಂದು. ಆಮೇಲೆ ಅವರು ಬರೆಯುವುದನ್ನೇ ಬಿಟ್ಟರು. ನೀರಿಳಿದ ತಿಂಗಳುಗಳಲ್ಲಿ ಅವಳ ಹಲಗೆ ನೋಡಿ ನಲವತ್ತೆರಡು ಕಳೆಯುತ್ತಿದ್ದರು. "ಆಚೆ ಒಬ್ರು ಸರಿಯಾಗಿ ನೋಡ್ತಾ ಇದಾರಲ್ಲ ಅನ್ನೋದೇ ನನಗೆ ಧೈರ್ಯ. ಅವತ್ತು ಮಂಜು ಹರಿದ ಮೇಲೆ ನಿಮ್ಮ ಹಲಗೆ ನೋಡ್ದೆ, ಗಾಬರಿಯಾಯ್ತು. ಕೆಳಗೆ ಬಂಡೆಗಳು ನಿನ್ನೆ ಹೇಗಿದ್ವೋ ಹಾಗೇ ಒಣಗಿದ್ವು. ಏರಿದ್ದು ನನ್ನ ಕಣ್ಣಿಗೆ ಕಾಣ್ತಿಲ್ಲ. ಅಂದ್ರೆ ನನ್ನ ಕಣ್ಣೇ ಹೋಗಿದೆ ಅಂದ್ಕೊಂಡೆ. ಮಾರನೇ ದಿನ ಡಾಕ್ಟರ ಹತ್ರ ಹೋಗಿ ಈ ಕನ್ನಡಕ ಹಾಕಿಸ್ಕೊಂಡೆ." ಅವರು ನಾಚಿಕೆಯಿಂದ ನಕ್ಕರು. ಮೊದಮೊದಲು ತಲೆ ಸುತ್ತುತ್ತಿತ್ತಂತೆ, ಆಮೇಲೆ ಅಭ್ಯಾಸವಾಯಿತಂತೆ. ಈಗ ಎಂಜಿನಿಯರಿಗೆ ತಾವೇ ಒಪ್ಪಿಕೊಂಡುಬಿಡುತ್ತಾರಂತೆ. ನಿಮ್ಮದು ನಿಜದ ರಿಜಿಸ್ಟರು, ನಿಮ್ಮದು ಉಳಿಯಲಿ, ನನ್ನದು ಹೇಗೂ ಮುಗಿಯಿತು ಎಂದರು. ಮುಗಿಯುವುದೆಂದರೆ ನಿವೃತ್ತಿವೇತನವೂ ಇಲ್ಲದ ಮುಗಿಯುವಿಕೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳು ಆ ದಪ್ಪ ಗಾಜನ್ನೇ ನೋಡುತ್ತಿದ್ದಳು. ಹೂಂ ಎಂದುಬಿಟ್ಟರೆ ಸಾಕು, ಏರಿತ್ತು ಎಂಬ ಒಂದು ಮಾತು. ಇವರು ಹೊರಗೆ ಹೋಗಿ ತಪ್ಪೊಪ್ಪಿಕೊಳ್ಳುತ್ತಾರೆ. ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ, ಅಪ್ಪನ ನದಿಯೂ ಉಳಿಯುತ್ತದೆ. ಹಾಗೆ ನೋಡಿದರೆ ಅಪ್ಪನ ನದಿ ಈ ಕೋಣೆಗೆ ಕಾಲಿಟ್ಟಾಗಲೇ ಬತ್ತಿಹೋಗಿತ್ತು. ಹಠಾತ್ತನೆ ಆ ಅಂಕಿ ಎಲ್ಲಿಯದೆಂದು ನೆನಪಾಯಿತು: ಆಸ್ಪತ್ರೆಯ ಮಂಚದ ತಲೆಗಡೆ ತಗಡಿನ ಚೂರಿನ ಮೇಲೆ ಬಿಳಿ ಬಣ್ಣದಲ್ಲಿ ೧೩೧. ರಾತ್ರಿಯಿಡೀ ಅಪ್ಪನ ಮುಖ ನೋಡಲಾರದೆ ಅದನ್ನೇ ನೋಡುತ್ತ ಕೂತಿದ್ದಳು. ಅದನ್ನು ತಂದು ನದಿಯ ಮೇಲೆ ಹೇರಿದ್ದಳು. ಅದರ ಭಾರಕ್ಕೆ ಒಬ್ಬ ಮನುಷ್ಯ ಏಳು ವರ್ಷ ತನ್ನ ಕಣ್ಣುಗಳನ್ನು ನಂಬದೆ ಬದುಕಿದ್ದರು.

"ನಿಮ್ಮ ಕಣ್ಣು ಸರಿಯಾಗೇ ಇತ್ತು" ಎಂದಳು. "ಅವತ್ತು ನದಿ ಏರಲಿಲ್ಲ. ನಮ್ಮಪ್ಪ ಹೋಗಿದ್ರು. ನಾನು ಏನೋ ಒಂದು ಬರೆದೆ." ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ತಂತಿ ಬೇಲಿ, ದಿಣ್ಣೆ, ದುರ್ಬೀನು, ನಲವತ್ತೆರಡು ಕೂಡಿಸಿದ್ದು ಎಲ್ಲವನ್ನೂ ಹೇಳಿದಳು, ಮೇಜಿನ ಅಂಚಿಗೆ ಹೇಳಿದಂತೆ. "ನೀವು ನನ್ನ ಹಲಗೆ ನೋಡ್ತಿದ್ರಿ. ನಾನು ನಿಮ್ಮದು ನೋಡ್ತಿದ್ದೆ."

ಮುದುಕರು ಲೋಟವನ್ನು ಮೇಜಿನ ಮೇಲಿಟ್ಟರು. "ಅಂದ್ರೆ ನೀರನ್ನ ಯಾರೂ ನೋಡ್ಲಿಲ್ಲ" ಎಂದರು ಕೊನೆಗೆ. ಅವಳು ತಲೆಯಾಡಿಸಿದಳು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಅವಳು ಹೆದರಿ ಎದ್ದು ನಿಂತಳು, ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ. ಹೊರಗೆ ಇಬ್ಬರು ಮಂತ್ರಿಗಳು ಒಬ್ಬರಿಗೊಬ್ಬರು ನಂಬಿಕೆಯಿಲ್ಲದೆ ಮೂವತ್ತು ವರ್ಷ ದೇಶ ಕಾದರು, ಒಳಗೆ ನಾವಿಬ್ಬರು ಬರೀ ನಂಬಿಕೆಯಲ್ಲಿ ನದಿ ಓಡಿಸಿದೆವು ಎಂದರು. ಅವಳಿಗೂ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡಳು. ಎಷ್ಟು ವರ್ಷವಾಗಿತ್ತು, ಯಾರೆದುರೂ ಕಾವಲಿಲ್ಲದೆ ನಕ್ಕು. ಅವರು ಕನ್ನಡಕ ತೆಗೆದರು, ಕಣ್ಣೊರೆಸಿಕೊಂಡರು. ಕನ್ನಡಕವಿಲ್ಲದ ಮುಖ ಬೇರೆಯೇ ಆಗಿ, ವಯಸ್ಸು ಇಳಿದಂತೆ ಕಂಡಿತು. ನಿಮ್ಮಪ್ಪ ಏನು ಮಾಡ್ತಿದ್ರು ಎಂದು ಕೇಳಿದರು. ಬೀಗ ರಿಪೇರಿ ಮಾಡ್ತಿದ್ರು ಎಂದಳು. ಅವರು ಅದನ್ನು ತೂಗಿ ನೋಡುವವರಂತೆ ತಲೆದೂಗಿದರು. ಅಷ್ಟರಲ್ಲಿ ಎಂಜಿನಿಯರು ಒಳಗೆ ಬಂದು, ಏನಾಯಿತು ಆ ದಿನದ್ದು, ಯಾರಿಗಾದರೂ ನೆನಪಿದೆಯಾ ಎಂದ.

ಮುದುಕರು ಕನ್ನಡಕ ಹಾಕಿಕೊಳ್ಳಲಿಲ್ಲ. ಬರಿಗಣ್ಣಿನಿಂದ ಎಂಜಿನಿಯರನ್ನು ನೇರವಾಗಿ ನೋಡಿ, "ಏರಿತ್ತು ಸಾರ್" ಎಂದರು. "ನಾನೇ ಕಂಡಿದೀನಿ. ಆಚೆ ಇವರೂ ಕಂಡಿದಾರೆ. ಯಾಕೆ ಅಂತ ನದಿಯನ್ನೇ ಕೇಳ್ಬೇಕು."

ಎಂಜಿನಿಯರು ಅವಳತ್ತ ತಿರುಗಿದ. ಅವಳು ಹೌದು ಎಂದಳು. ಅವನು ಟೈಪು ಮಾಡಿದ: ಕಾರಣ ತಿಳಿಯದ ಏರಿಕೆ, ಎರಡೂ ದಡದಲ್ಲಿ ಖಚಿತ. ಆಮೇಲಿನದೆಲ್ಲ ಬೇಗ ಮುಗಿಯಿತು. ಈ ದಡದ ಕಂಬ ಈಚೆಗೆ ಯಾವಾಗಲೋ ಬಾಗಿದಂತಿದೆ, ಇದನ್ನು ಮುಚ್ಚುತ್ತೇವೆ, ಹಿರಿಯರಿಗೆ ಗೌರವದ ನಿವೃತ್ತಿ. ಆ ದಡದ್ದು ಉಳಿಯುತ್ತದೆ, ತಂತಿ ಕತ್ತರಿಸಲು ಇವತ್ತೇ ಜನ ಹೋಗಿದ್ದಾರೆ ಎಂದ. ಅವಳು ಬಾಗಿಲು ದಾಟುವಾಗ ಮುದುಕರು ಮತ್ತೆ ಚೀಲಕ್ಕೆ ಕೈ ಚಾಚಿದರು. ಈ ಸಲ ಅವಳು ಬಿಟ್ಟುಕೊಟ್ಟಳು. ದೋಣಿಯವರೆಗೂ ಅವರೇ ಹೊತ್ತು ತಂದರು.

ತಂತಿ ಹೋಗಿದ್ದರಿಂದ ದೋಣಿಯವನು ಅವಳನ್ನು ಅಳತೆಮನೆಯ ಮೆಟ್ಟಿಲಿಗೇ ಇಳಿಸುತ್ತೇನೆಂದ. ದೋಣಿ ಪಾಚಿಗಟ್ಟಿದ ಮೆಟ್ಟಿಲುಗಳ ಹತ್ತಿರ ಸರಿಯಿತು. ಅವಳ ಕಂಬ ಅಲ್ಲಿ ನಿಂತಿತ್ತು, ಬುಡದವರೆಗೂ ಕಾಣುವಂತೆ, ಹದಿನೈದು ವರ್ಷ ಯಾರೂ ಓದದ ಅಂಕಿಗಳನ್ನು ಹೊತ್ತು. ಬಿಳಿ ಬಣ್ಣ ಸುಲಿದಿತ್ತು. ನೀರು ತೊಂಬತ್ತೇಳನ್ನು ಮುಟ್ಟಿ ಹಿಂದೆ ಸರಿಯುತ್ತಿತ್ತು. ಮೇಲೆ ಹಲಗೆಯಲ್ಲಿ ನೂರ ಆರು. ಒಂಬತ್ತರ ವ್ಯತ್ಯಾಸ. ಅವಳು ಮಂಡಿಯೂರಿ ಮತ್ತೆ ನೋಡಿದಳು, ಮಗುವಿನ ಜ್ವರ ನೋಡುವವರ ಹಾಗೆ. ಇಷ್ಟೇನಾ ಎನಿಸಿತು, ಇಷ್ಟೊಂದಾ ಎಂದೂ ಎನಿಸಿತು. ನಾಳೆಯೇ ತೊಂಬತ್ತೇಳು ಎಂದು ಬರೆದರೆ ಒಂದೇ ರಾತ್ರಿಗೆ ನದಿ ಕುಸಿದಂತೆ ಕಂಡು, ಆ ಒಳ್ಳೆಯ ಮಾತಿನ ಎಂಜಿನಿಯರು ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಾನೆ, ಮುದುಕರ ಬಾಗಿಲಿಗೂ ಹೋಗುತ್ತಾನೆ. ದಿನಾ ಇಲ್ಲಿಗೆ ಇಳಿದು ಬರಬೇಕು, ಕಣ್ಣಿನಿಂದ ಓದಬೇಕು. ಹಲಗೆಯ ಮೇಲೆ ಮಾತ್ರ ನೀರು ಇಳಿದಷ್ಟನ್ನು ಇಳಿಸಿ, ದಿನಕ್ಕೆ ಇನ್ನೊಂದನ್ನು ಹೆಚ್ಚಾಗಿ ಕಳೆಯುತ್ತ ಹೋಗಬೇಕು; ಇವತ್ತಿನಿಂದ ಎಣಿಸಿದರೆ ಹತ್ತನೆಯ ದಿನದಿಂದ ಬರೆದ ನದಿಯೂ ಹರಿಯುವ ನದಿಯೂ ಒಂದೇ. ಅದು ಅವಳ ಕೊನೆಯ ಸುಳ್ಳು, ಒಂಬತ್ತು ದಿನದ್ದು.

ಮೇಲಿನಿಂದ ಅಕ್ಕ ಕರೆದಳು, ಏನಾಯ್ತೇ, ಬೇಗ ಹೇಳೇ ಎಂದು. ಪಾಪ, ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಳೇನೋ. ಎಲ್ಲ ಹೇಳಿಬಿಡುವ ಆಸೆ ಗಂಟಲವರೆಗೂ ಬಂತು, ಅಕ್ಕನ ಮಡಿಲಲ್ಲಿ ತಲೆಯಿಟ್ಟು ಮೊದಲಿಂದ ಕೊನೆಯವರೆಗೆ. ಮೆಟ್ಟಿಲು ಹತ್ತುತ್ತ ಅವಳು ಅದನ್ನು ಒಂದೊಂದು ಮೆಟ್ಟಿಲಿಗೆ ಇಷ್ಟಿಷ್ಟೇ ಕೆಳಗಿಳಿಸಿದಳು. ಎರಡು ದಡವೂ ತಾಳೆಯಾಯಿತು, ಕೆಲಸ ಉಳಿಯಿತು, ಅಪ್ಪನ ದಿನದ ನೀರನ್ನು ಹೊಸ ದೇಶದ ಪುಸ್ತಕದಲ್ಲೂ ಬರೆದುಕೊಂಡರು ಎನ್ನಬೇಕು. ಅಷ್ಟೂ ನಿಜವೇ. ಉಳಿದದ್ದನ್ನು ಅಕ್ಕನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.